ಪೂರ್ವಪಕ್ಷವಿಲ್ಲದ ಸಿದ್ಧಾಂತ

ಶಾಸ್ತ್ರಗ್ರಂಥಗಳನ್ನು ಪಾಠಕ್ರಮದಿಂದ ಅಭ್ಯಾಸಮಾಡಿದವರಿಗೆ ಒಂದು ನಿಯಮವು ಸುಪರಿಚಿತವಾದುದು. ಯಾವ ಮತವನ್ನು ಖಂಡಿಸಬೇಕೋ ಆ ಮತವನ್ನು ಮೊದಲು ಪೂರ್ಣವಾಗಿ ನಿರೂಪಿಸಬೇಕು. ಎದುರಾಳಿಯು ತಾನೇ ಬಂದು ಹೇಳಿದ್ದರೆ ಎಷ್ಟು ಬಲವಾಗಿ ಹೇಳುತ್ತಿದ್ದನೋ ಅಷ್ಟೇ ಬಲವಾಗಿ ಅದನ್ನು ಮುಂದಿಡಬೇಕು. ಅನಂತರವೇ ಕಾರಣಗಳನ್ನು ಕೊಟ್ಟು ನಿರಾಕರಿಸಬೇಕು. ಈ ನಿಯಮದಿಂದಾದ ಉಪಕಾರವು ಅಲ್ಪವಲ್ಲ. ಲೋಕಾಯತರ ಮೂಲಗ್ರಂಥಗಳು ಬಹುಮಟ್ಟಿಗೆ ನಷ್ಟವಾಗಿವೆ. ಆದರೂ ಅವರ ಮತವೇನೆಂಬುದು ಇಂದಿಗೂ ತಿಳಿದುಬರುತ್ತದೆ. ವಿಜಯನಗರದ ಕಾಲದಲ್ಲಿ ಹುಟ್ಟಿ, ಮಾಧವಾಚಾರ್ಯರ ಹೆಸರಿನಿಂದ ಪ್ರಸಿದ್ಧವಾದ ‘ಸರ್ವದರ್ಶನಸಂಗ್ರಹ’ದ ಮೊದಲನೆಯ ಅಧ್ಯಾಯವೇ ಚಾರ್ವಾಕಮತದ ನಿರೂಪಣೆ. ಆ ಮತವನ್ನು ಒಪ್ಪದವರೇ ಅದನ್ನು ಉಳಿಸಿಕೊಟ್ಟರು.

ಇಂದು ಲೋಕದ ಮಾತುಕತೆಯ ಬಹುಭಾಗವು ಅಂತರ್ಜಾಲದಲ್ಲಿ ನಡೆಯುತ್ತಿದೆ. ಫೇಸ್‌ಬುಕ್, ಯೂಟ್ಯೂಬ್, ಹಿಂದೆ ಟ್ವಿಟರ್ ಎನಿಸಿಕೊಂಡಿದ್ದ ಎಕ್ಸ್, ಇವೆಲ್ಲವೂ ಊರ ಜಗಲಿಗಳಂತೆ ತೋರಿದರೂ ಖಾಸಗಿ ಕಂಪನಿಗಳ ಸ್ವತ್ತು. ಜಗಲಿಯ ಮೇಲೆ ಬರೆದ ಮಾತು ಬೇಡವೆಂದು ತೋರಿದಾಗ ಜಗಲಿಯ ಯಜಮಾನನು ಅದನ್ನು ಅಳಿಸಿಬಿಡುವನು. ಅಳಿಸುವ ಮುನ್ನ ಆತನು ಬರೆದವನ ಪಕ್ಷವನ್ನು ಕೇಳುವನೆ? ಬರಹವನ್ನಾದರೂ ಓದುವನೆ? ಈ ಪ್ರಶ್ನೆಗೆ ಉತ್ತರವನ್ನು ಊಹೆಯಿಂದ ಹೇಳದೆ ಪರೀಕ್ಷೆಯಿಂದ ಹೇಳಹೊರಟ ಗ್ರಂಥವೊಂದು ಬೆಂಗಳೂರಿನ ದಂಡುಪ್ರದೇಶದ ಪೂರ್ವಕ್ಕಿರುವ ದೊಮ್ಮಲೂರಿನಿಂದ 2012ರ ಏಪ್ರಿಲಿನಲ್ಲಿ ಹೊರಬಿದ್ದಿತು. ಚೊಕ್ಕನಾಥಸ್ವಾಮಿಯ ಪ್ರಾಚೀನ ದೇವಾಲಯದಿಂದ ಹೆಸರಾದ ಆ ಊರಿನಲ್ಲಿ ಆಗ ನೆಲೆಸಿದ್ದ ‘ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ’ ಎಂಬ ಸಂಸ್ಥೆಯು ಅದನ್ನು ಪ್ರಕಟಿಸಿತು; ಬರೆದವರು ರಿಷಭ್ ದಾರಾ. ಅದರ ಗುಣದೋಷಗಳ ವಿವೇಚನೆಯು ಇಂದು ಅಕಾಲಿಕವೆನಿಸದು. ಏಕೆಂದರೆ ಅದು ತೋರಿಸಿದ ರೋಗವು ಇನ್ನೂ ವಾಸಿಯಾಗಿಲ್ಲ.

ಗ್ರಂಥದ ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳುವುದು ಯುಕ್ತ. 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 79ನೆಯ ಪ್ರಕರಣವು, ಪರರ ಬರಹವನ್ನು ತನ್ನ ಜಾಲತಾಣದಲ್ಲಿ ತೋರಿಸುವ ಕಂಪನಿಯನ್ನು ‘ಮಧ್ಯವರ್ತಿ’ ಎಂದು ಕರೆದು, ಆ ಬರಹದ ಅಪರಾಧವು ಅದಕ್ಕೆ ತಟ್ಟದಂತೆ ರಕ್ಷಣೆಯನ್ನು ಕೊಟ್ಟಿತು. ಆದರೆ ಆ ರಕ್ಷಣೆಗೆ ಕಟ್ಟಳೆಗಳುಂಟು. 2011ರ ಏಪ್ರಿಲಿನಲ್ಲಿ ಹೊರಟ ನಿಯಮಗಳ ಪ್ರಕಾರ, ಬರಹದಿಂದ ಬಾಧಿತನಾದೆನೆಂಬ ಯಾವನಾದರೂ ಒಂದು ದೂರನ್ನು ಬರೆದುಕೊಟ್ಟರೆ ಮಧ್ಯವರ್ತಿಯು 36 ಗಂಟೆಗಳೊಳಗೆ ಕ್ರಮಕ್ಕೆ ತೊಡಗಬೇಕಾಗಿತ್ತು. ಇಲ್ಲವಾದರೆ ರಕ್ಷಣೆ ತಪ್ಪುವ ಭಯವಿತ್ತು. ಬರೆದವನಿಗೆ ತಿಳಿಸಬೇಕೆಂಬ ವಿಧಿ ಆ ನಿಯಮಗಳಲ್ಲಿ ಇರಲಿಲ್ಲ.

ಗ್ರಂಥಕರ್ತರು ಮಾಡಿದ ಪರೀಕ್ಷೆಯು ಸರಳವಾದುದು. ಮೇಲುನೋಟಕ್ಕೆ ದೂರಿನಂತೆ ಕಾಣುವ, ಆದರೆ ಸ್ವಲ್ಪ ನಿಧಾನಿಸಿ ಓದಿದರೆ ಹುರುಳಿಲ್ಲವೆಂದು ತಿಳಿಯುವ ನೋಟೀಸುಗಳನ್ನು ಏಳು ಮಧ್ಯವರ್ತಿಗಳಿಗೆ ಕಳುಹಿಸಿದರು. ಏಳರಲ್ಲಿ ಆರು ಸಂಸ್ಥೆಗಳು ಕೇಳಿದುದಕ್ಕಿಂತಲೂ ಅಥವಾ ಕಾನೂನು ಬೇಡಿದುದಕ್ಕಿಂತಲೂ ಮುಂದೆ ಹೋಗಿ ಬರಹಗಳನ್ನು ತೆಗೆದುಹಾಕಿದುವು. ಓದುಗರ ಟಿಪ್ಪಣಿಗಳ ಮೇಲಣ ದೂರೊಂದರಲ್ಲಿ, ಆಕ್ಷೇಪಿಸಿದ ಟಿಪ್ಪಣಿಯ ಜೊತೆಗೆ ಅದರ ನೆರೆಯ ಟಿಪ್ಪಣಿಗಳೂ ಹೋದುವು. ಒಂದು ಕಳೆಯನ್ನು ಕೀಳೆಂದರೆ ಸಾಲನ್ನೇ ಕಿತ್ತ ಹಾಗಾಯಿತು.

ಗ್ರಂಥದ ಮೊದಲನೆಯ ಗುಣವು ಈ ಪರೀಕ್ಷೆಯ ಸ್ಪಷ್ಟತೆ. ವಾಕ್ಸ್ವಾತಂತ್ರ್ಯವನ್ನು ಕುರಿತ ಲೇಖನಗಳಲ್ಲಿ ಆವೇಶವು ಹೆಚ್ಚು, ಪ್ರಮಾಣವು ಕಡಿಮೆ. ಇಲ್ಲಿ ಪ್ರಮಾಣವೇ ಮುಂದೆ ನಿಂತು ಮಾತನಾಡುತ್ತದೆ. ಎರಡನೆಯ ಗುಣವು ಕಾರಣದ ಶೋಧನೆ. ಕಂಪನಿಗಳು ಇಷ್ಟು ಸುಲಭವಾಗಿ ಅಳಿಸುವುದೇಕೆ? ದ್ವೇಷದಿಂದಲ್ಲ, ಲೆಕ್ಕದಿಂದ. ಬರಹವನ್ನು ಉಳಿಸಿಕೊಂಡರೆ ವ್ಯಾಜ್ಯದ ಭಯವುಂಟು. ಅಳಿಸಿದರೆ ಯಾರೂ ಕೇಳುವವರಿಲ್ಲ. ಓದಿ ನಿರ್ಣಯಿಸಲು ವಕೀಲರೂ ಕಾಲವೂ ಹಣವೂ ಬೇಕು; ಅಳಿಸಲು ಒಂದು ಬೆರಳು ಸಾಕು. ಆದುದರಿಂದ ಯಾರ ಮೇಲೂ ಕೋಪವಿಲ್ಲದೆ, ಯಾವ ಮತದ ಪಕ್ಷಪಾತವೂ ಇಲ್ಲದೆ, ಕೇವಲ ಔದಾಸೀನ್ಯದಿಂದಲೇ ಒಬ್ಬನ ಮಾತು ಮಾಯವಾಗಬಹುದೆಂಬುದನ್ನು ಗ್ರಂಥವು ಕಾಣಿಸಿಕೊಟ್ಟಿತು. ಸರಕಾರದ ಕತ್ತರಿಯನ್ನು ಕುರಿತು ಮಾತ್ರ ಎಚ್ಚರವಾಗಿದ್ದವರಿಗೆ ಇದು ಹೊಸ ತಿಳಿವಳಿಕೆ.

ದೋಷಗಳೂ ಇಲ್ಲದಿಲ್ಲ. ಏಳೇ ಸಂಸ್ಥೆಗಳಿಂದ ಸಾಮಾನ್ಯನಿಯಮವನ್ನು ಕಟ್ಟುವಾಗ ಇರಬೇಕಾದ ಹಿಂಜರಿಕೆಯನ್ನು, ಗ್ರಂಥವನ್ನು ಉದಾಹರಿಸಿದವರಲ್ಲಿ ಅನೇಕರು ಮರೆತರು. ಸುಳ್ಳು ದೂರನ್ನು ಕಳುಹಿಸಿ ಸತ್ಯವನ್ನು ಹುಡುಕುವುದು ಎಷ್ಟುಮಟ್ಟಿಗೆ ಯುಕ್ತವೆಂಬ ಪ್ರಶ್ನೆಯೂ ಉಳಿಯುತ್ತದೆ. ಇವೆರಡಕ್ಕಿಂತ ದೊಡ್ಡದು ಮೂರನೆಯದು: ಹುರುಳಿಲ್ಲದ ದೂರುಗಳನ್ನೇ ಆರಿಸಿಕೊಂಡುದರಿಂದ, ಹುರುಳುಳ್ಳ ದೂರಿನ ಸಂಕಟವು ಗ್ರಂಥದೊಳಗೆ ಬರಲೇ ಇಲ್ಲ. ಮಾತು ಕಿಚ್ಚಾಗಿ ಊರನ್ನು ಸುಡುವಾಗ ಏನು ಮಾಡಬೇಕು? ಈ ಪೂರ್ವಪಕ್ಷವನ್ನು ಗ್ರಂಥವು ಎದುರಿಸಲಿಲ್ಲ. ಅದನ್ನು ದಂಡುಪ್ರದೇಶದ ಬೀದಿಗಳೇ ಆಮೇಲೆ ಮುಂದಿಟ್ಟವು.

2020ರ ಆಗಸ್ಟ್ 11ರ ರಾತ್ರಿಯನ್ನು ಪೂರ್ವಬೆಂಗಳೂರಿನ ಮನೆಗಳು ಮರೆತಿಲ್ಲ. ಪುಲಕೇಶಿನಗರದ ಶಾಸಕರ ಬಂಧುವೊಬ್ಬನು ಫೇಸ್‌ಬುಕ್ಕಿನಲ್ಲಿ ಹಾಕಿದನೆನ್ನಲಾದ, ಮುಸಲ್ಮಾನರ ಪ್ರವಾದಿಗಳನ್ನು ಹಳಿಯುವ ಬರಹವೊಂದು ಕೈಯಿಂದ ಕೈಗೆ ಹರಡಿತು. ಜನರು ದೇವರ ಜೀವನಹಳ್ಳಿ, ಕಾಡುಗೊಂಡನಹಳ್ಳಿಗಳ ಪೊಲೀಸು ಠಾಣೆಗಳ ಮುಂದೆ ನೆರೆದರು, ವಾಹನಗಳು ಉರಿದುವು, ಕಾವಲ್ ಭೈರಸಂದ್ರದಲ್ಲಿದ್ದ ಶಾಸಕರ ಮನೆಗೆ ಬೆಂಕಿ ಬಿದ್ದಿತು, ಪೊಲೀಸರು ಗುಂಡು ಹಾರಿಸಿದಾಗ ಮೂವರು ಪ್ರಾಣ ಬಿಟ್ಟರು. ಅದೇ ರಾತ್ರಿ ಮುಸಲ್ಮಾನ ತರುಣರು ಕೈಕೈ ಹಿಡಿದು ದೇವಾಲಯವೊಂದರ ಸುತ್ತ ಕಾವಲು ನಿಂತುದನ್ನೂ ಮರೆಯಲಾಗದು. ಆ ಬರಹವು ಬಳಿಕ ಜಾಲದಿಂದ ಮರೆಯಾಯಿತು. ಆದರೆ ಆಗಲೇ ಹೊತ್ತು ಮೀರಿತ್ತು. ಇಂಥ ಸಂದರ್ಭದಲ್ಲಿ ಬರೆದವನಿಗೆ ನೋಟೀಸು ಕೊಟ್ಟು, ಉತ್ತರವನ್ನು ಕಾದು, ಅನಂತರ ನಿರ್ಣಯಿಸಬೇಕೆನ್ನುವುದು ಉರಿಯುವ ಮನೆಯ ಮುಂದೆ ತರ್ಕಸಂಗ್ರಹವನ್ನು ಪಾಠಹೇಳಿದಂತೆ. ಶೀಘ್ರವಾಗಿ ಅಳಿಸಬೇಕೆನ್ನುವವರ ಪಕ್ಷವು ಇದು; ಬಲವಾದ ಪಕ್ಷ.

ಇದಕ್ಕೆ ಉತ್ತರವೂ ಇದೇ ನಗರದ ಇನ್ನೊಂದು ಆಗಸ್ಟ್ ತಿಂಗಳಲ್ಲಿದೆ. 2012ರಲ್ಲಿ ಅಸ್ಸಾಮಿನ ಗಲಭೆಯ ಬಳಿಕ, ಬೆಂಗಳೂರಿನಲ್ಲಿರುವ ಈಶಾನ್ಯದವರ ಮೇಲೆ ಹಲ್ಲೆ ನಡೆಯಲಿದೆಯೆಂಬ ಸುಳ್ಳು ಸುದ್ದಿ ದೂರವಾಣಿಯ ಸಂದೇಶಗಳಲ್ಲಿ ಹಬ್ಬಿತು. ಸಾವಿರಾರು ಮಂದಿ ಗಂಟುಮೂಟೆ ಕಟ್ಟಿ ರೈಲ್ವೆ ನಿಲ್ದಾಣಕ್ಕೆ ಓಡಿದರು. ಗೌಹಾತಿಗೆ ವಿಶೇಷ ರೈಲುಗಳು ಹೊರಟುವು. ಕೇಂದ್ರಸರಕಾರವು ದಿನಕ್ಕೆ ಐದಕ್ಕಿಂತ ಹೆಚ್ಚು ಸಂದೇಶಗಳನ್ನು ಕಳುಹಿಸದಂತೆ ತಡೆಯಿತು. ಆಗಸ್ಟ್ 18ರಿಂದ 21ರ ವರೆಗೆ ಜಾಲದ ಅನೇಕ ಪುಟಗಳನ್ನು ಮುಚ್ಚಿಸಿತು. ಆ ಪಟ್ಟಿಯನ್ನು ದೊಮ್ಮಲೂರಿನ ಅದೇ ಸಂಸ್ಥೆಯ ಪ್ರಾಣೇಶ್ ಪ್ರಕಾಶರು ಪರಿಶೀಲಿಸಿದರು. 309 ಬಾಬುಗಳ ಆ ಪಟ್ಟಿಯಲ್ಲಿ, ಸುಳ್ಳು ಸುದ್ದಿಯನ್ನು ಸುಳ್ಳೆಂದು ತೋರಿಸಿಕೊಟ್ಟವರ ಬರಹಗಳೂ ಸೇರಿದ್ದುವು!

ಇಲ್ಲಿ ನಡೆದ ತಪ್ಪು ಪಾಠಶಾಲೆಯ ಮೊದಲ ವರ್ಷದ ವಿದ್ಯಾರ್ಥಿಯ ತಪ್ಪು. ಗ್ರಂಥಕಾರನು ಖಂಡಿಸಲೆಂದು ಎತ್ತಿಕೊಂಡ ಪೂರ್ವಪಕ್ಷವನ್ನು ಗ್ರಂಥಕಾರನ ಸಿದ್ಧಾಂತವೆಂದೇ ಭ್ರಮಿಸುವುದು ಅದು. ಸುಳ್ಳನ್ನು ನಿರಾಕರಿಸಬೇಕಾದವನು ಸುಳ್ಳನ್ನು ಉದಾಹರಿಸಲೇಬೇಕು. ಉದಾಹರಿಸಿದ ಮಾತು ಮಾತ್ರ ಕಣ್ಣಿಗೆ ಬಿದ್ದರೆ ವೈದ್ಯನೂ ರೋಗಿಯೂ ಒಂದೇ ಪಂಕ್ತಿಯಲ್ಲಿ ಕೂಡುವರು. ಗ್ರಂಥವೊಂದರ ತಾತ್ಪರ್ಯವನ್ನು ನಿರ್ಣಯಿಸಲು ಮೀಮಾಂಸಕರು ಆರು ಲಿಂಗಗಳನ್ನು ಹೇಳಿದರು. ಅವುಗಳಲ್ಲಿ ಮೊದಲನೆಯದು, ಆರಂಭವನ್ನೂ ಮುಕ್ತಾಯವನ್ನೂ ಕೂಡಿಸಿ ನೋಡುವುದು. ಈಗ ದೊಡ್ಡ ಕಂಪನಿಗಳಲ್ಲಿ ಬರಹವನ್ನು ಮೊದಲು ಜರಡಿ ಹಿಡಿಯುವುದು ಬಹುಮಟ್ಟಿಗೆ ಯಂತ್ರ. ಅದಕ್ಕೆ ವಾಚ್ಯಾರ್ಥವು ದೊರೆತೀತು. ವ್ಯಂಗ್ಯವು ದೊರೆಯುವುದು ದುರ್ಲಭ. ಬೈಗುಳವೂ ಬೈಗುಳವನ್ನು ಕುರಿತ ದೂರೂ ಅದಕ್ಕೆ ಒಂದೇ ಬಣ್ಣವಾಗಿ ಕಂಡರೆ ಆಶ್ಚರ್ಯವಿಲ್ಲ. ಶಿವಾಜಿನಗರದ ಒಂದೇ ಬೀದಿಯಲ್ಲಿ ಕನ್ನಡ, ಉರ್ದು, ತಮಿಳುಗಳು ಒಂದೇ ವಾಕ್ಯದೊಳಗೆ ಕಲೆತು ಬರುತ್ತವೆ. ಅಂಥ ಮಾತಿನ ಹಾಸ್ಯಕ್ಕೂ ಹಗೆಗೂ ಇರುವ ಅಂತರವನ್ನು ಆ ಬೀದಿಯಲ್ಲಿ ನಡೆದಾಡಿದವನು ಬಲ್ಲನು. ದೂರದ ಯಂತ್ರವು ಹೇಗೆ ಬಲ್ಲುದು?

ಆದುದರಿಂದ ಅವಸರವೂ ಮೌನವೂ ಒಂದೇ ಅಲ್ಲವೆಂದು ತಿಳಿಯಬೇಕು. ಬೆಂಕಿ ಹೊತ್ತಿದಾಗ ನೆರೆಮನೆಯ ಬಾಗಿಲನ್ನು ಒಡೆದು ನೀರು ಹಾಕುವುದು ತಪ್ಪಲ್ಲ. ಬೆಂಕಿ ಆರಿದ ಮೇಲೆ ಬಾಗಿಲನ್ನು ಒಡೆದವರು ಯಾರು, ಏಕೆ ಎಂದು ಮನೆಯೊಡೆಯನಿಗೆ ಹೇಳದಿರುವುದು ತಪ್ಪು. 2020ರ ರಾತ್ರಿಯು ಶೀಘ್ರಕ್ರಮವನ್ನು ಬೇಡುತ್ತದೆ; 2012ರ ಪಟ್ಟಿಯು ಆ ಕ್ರಮದ ಮರುಪರಿಶೀಲನೆಯನ್ನು ಬೇಡುತ್ತದೆ. ಒಂದನ್ನು ನೆನೆದು ಇನ್ನೊಂದನ್ನು ಮರೆಯುವವರು ಅರ್ಧಪಾಠದವರು.

ಗ್ರಂಥವು ಹೊರಬಂದ ಮೇಲೆ ಕಾನೂನು ಎಲ್ಲಿಗೆ ಬಂದು ನಿಂತಿದೆ? 2015ರ ಮಾರ್ಚ್ 24ರಂದು ಸರ್ವೋಚ್ಚ ನ್ಯಾಯಾಲಯವು ಶ್ರೇಯಾ ಸಿಂಘಲ್ ಮೊಕದ್ದಮೆಯಲ್ಲಿ, ಖಾಸಗಿ ದೂರು ಬಂದ ಮಾತ್ರಕ್ಕೆ ಕಂಪನಿಯು ಅಳಿಸಬೇಕಾಗಿಲ್ಲ, ನ್ಯಾಯಾಲಯದ ಅಪ್ಪಣೆಯೋ ಸರಕಾರದ ತಿಳಿವಳಿಕೆಯೋ ಬೇಕೆಂದು ನಿರ್ಣಯಿಸಿತು. ಗ್ರಂಥವು ತೋರಿಸಿದ ಬಾಗಿಲು ಹೀಗೆ ಅರ್ಧ ಮುಚ್ಚಿತು. 2021ರ ನಿಯಮಗಳು, 50 ಲಕ್ಷಕ್ಕಿಂತ ಹೆಚ್ಚು ಬಳಕೆದಾರರುಳ್ಳ ಕಂಪನಿಯು ತಾನಾಗಿ ಬರಹವನ್ನು ತೆಗೆಯುವಾಗ ಬರೆದವನಿಗೆ ಕಾರಣವನ್ನು ತಿಳಿಸಿ ಉತ್ತರಕ್ಕೆ ಅವಕಾಶ ಕೊಡಬೇಕೆಂದು ವಿಧಿಸಿದುವು. ವಿಧಿಯು ಒಳ್ಳೆಯದು. ಆದರೆ ಸರಕಾರವು ಪುಟವನ್ನು ಮುಚ್ಚಿಸುವಾಗ ಅನುಸರಿಸುವ 2009ರ ನಿಯಮಗಳು ದೂರನ್ನೂ ಕ್ರಮವನ್ನೂ ಗೋಪ್ಯವಾಗಿಡಬೇಕೆನ್ನುತ್ತವೆ. ಕಂಪನಿಯಿಂದ ಕೇಳುವ ಮರ್ಯಾದೆಯನ್ನು ಸರಕಾರವು ತಾನು ಪಾಲಿಸುವುದರಲ್ಲಿ ಹಿಂದೆಗೆದರೆ, ಗುರುವು ಹೇಳಿದ ಆಚಾರವನ್ನು ಗುರುವೇ ಬಿಟ್ಟಂತಾಗುವುದು.

ಇದರ ಫಲವನ್ನು ಕಬ್ಬನ್ ಪಾರ್ಕಿನ ಅಂಚಿನಲ್ಲಿರುವ ಕರ್ನಾಟಕದ ಹೈಕೋರ್ಟಿನಲ್ಲಿಯೇ ಕಾಣಬಹುದು. 1474 ಖಾತೆಗಳನ್ನೂ 175 ಟ್ವೀಟುಗಳನ್ನೂ ಮುಚ್ಚಿಸಿದ ಆಜ್ಞೆಗಳಲ್ಲಿ 39 ಜಾಲವಿಳಾಸಗಳನ್ನು ಕುರಿತು ಟ್ವಿಟರ್ ಕಂಪನಿಯು 2022ರಲ್ಲಿ ಮೊರೆಹೊಕ್ಕಿತು. 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ದೀಕ್ಷಿತರು ಅರ್ಜಿಯನ್ನು ತಳ್ಳಿ 50 ಲಕ್ಷ ರೂಪಾಯಿಗಳ ದಂಡವನ್ನು ವಿಧಿಸಿದರು. ಕೇಂದ್ರದ ‘ಸಹಯೋಗ್’ ಎಂಬ ಜಾಲದ್ವಾರದ ಮೂಲಕ ಅಧಿಕಾರಿಗಳು ಕಳುಹಿಸುವ ಸೂಚನೆಗಳನ್ನು ಅದೇ ಕಂಪನಿಯು ಹೊಸ ಹೆಸರಿನಿಂದ ಪ್ರಶ್ನಿಸಿದಾಗ, 2025ರ ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ನಾಗಪ್ರಸನ್ನರು ಆ ಅರ್ಜಿಯನ್ನೂ ವಜಾಮಾಡಿದರು. ಸಂವಿಧಾನದ 19ನೆಯ ಅನುಚ್ಛೇದದ ವಾಕ್ಸ್ವಾತಂತ್ರ್ಯವು ಪ್ರಜೆಗಳದೇ ಹೊರತು ವಿದೇಶಿ ಕಂಪನಿಯದಲ್ಲವೆಂದು ಎಣಿಸಿದರು. ಈ ತೀರ್ಪುಗಳ ಸಾಧುತ್ವವನ್ನು ನ್ಯಾಯವಿದರು ಚರ್ಚಿಸಲಿ. ಸಾಹಿತ್ಯದ ದೃಷ್ಟಿಗೆ ಬೀಳುವುದು ಇನ್ನೊಂದು ಸಂಗತಿ. ಎರಡು ವ್ಯಾಜ್ಯಗಳಲ್ಲಿಯೂ ಮುಂದೆ ನಿಂತು ಹೋರಾಡಿದವರು ಕಂಪನಿ ಮತ್ತು ಸರಕಾರ. ಹಕ್ಕು ಪ್ರಜೆಯದೆಂದಾಯಿತು, ಆದರೆ ಯಾವ ಪ್ರಜೆಯು ಬರೆದನೋ ಆತನು ಮುಖ್ಯಪಕ್ಷವಾಗಿ ಅಲ್ಲಿ ಇರಲಿಲ್ಲ.

ಬೆಂಗಳೂರಿನ ಪೂರ್ವಭಾಗಕ್ಕೆ ಇಂಥ ಸ್ಥಿತಿ ಅಪರಿಚಿತವಲ್ಲ. 1881ರಲ್ಲಿ ಮೈಸೂರು ಸಂಸ್ಥಾನವು ಒಡೆಯರಿಗೆ ಮರಳಿ ಬಂದಾಗಲೂ ದಂಡುಪ್ರದೇಶವು ಬ್ರಿಟಿಷರ ಅಧಿಕಾರದಲ್ಲಿಯೇ ಉಳಿಯಿತು. 1947ರ ಜುಲೈವರೆಗೆ ಉದ್ಯಾನದ ಒಂದು ಮಗ್ಗುಲಿಗೆ ಒಂದು ಕಾನೂನು, ಇನ್ನೊಂದು ಮಗ್ಗುಲಿಗೆ ಇನ್ನೊಂದು. ಹಲಸೂರಿನ ನಿವಾಸಿಯು ತನ್ನ ನೆಲದಲ್ಲಿಯೇ ಪರರ ಕಟ್ಟಳೆಯಲ್ಲಿ ಬಾಳಿದನು. ಇಂದು ಜಾಲದ ಜಗಲಿಯೂ ಅಂಥದೊಂದು ದಂಡುಪ್ರದೇಶ: ಮಾತು ಇಲ್ಲಿಯದು, ಕಟ್ಟಳೆ ಬೇರೆ ಕಡೆಯದು. ಆದರೆ ಒಂದು ಭೇದವುಂಟು. 1908ರ ಮೈಸೂರು ಪತ್ರಿಕಾ ಕಾನೂನನ್ನು ಪ್ರತಿಭಟಿಸಿ ತಾತಯ್ಯ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದಾಗ, ನಿಂತುದೇಕೆಂಬುದು ಸಂಸ್ಥಾನಕ್ಕೆಲ್ಲ ತಿಳಿಯಿತು. ಆ ಬರಿದಾದ ಸ್ಥಳವೇ ಮಾತನಾಡಿತು. ಜಾಲದಲ್ಲಿ ಅಳಿದ ಮಾತಿಗೆ ಬರಿದಾದ ಸ್ಥಳವೂ ಎಷ್ಟೋ ವೇಳೆ ಉಳಿಯುವುದಿಲ್ಲ.

ಓಲೆಗರಿಯ ಪ್ರತಿಯನ್ನು ನಕಲುಮಾಡುವವರು ಹುಳು ತಿಂದ ಕಡೆಯಲ್ಲಿ ಅಕ್ಷರಗಳನ್ನು ಊಹಿಸಿ ತುಂಬದೆ, ಚುಕ್ಕೆಗಳನ್ನಿಟ್ಟು ಗ್ರಂಥಪಾತವನ್ನು ಸೂಚಿಸುವರು. ಸಂಪಾದಕರು ತಾವು ಒಪ್ಪದ ಪಾಠವನ್ನು ಎಸೆಯದೆ ಅಡಿಯಲ್ಲಿ ಪಾಠಾಂತರವಾಗಿ ಇಡುವರು. ದೊಮ್ಮಲೂರಿನ ಗ್ರಂಥವು ಹೇಳದೆ ಬಿಟ್ಟ, ಆದರೆ ಅದರಿಂದಲೇ ಹೊರಡುವ ಸಿದ್ಧಾಂತವು ಇಷ್ಟೆ: ಅಳಿಸುವವರಿಗೂ ಈ ಶೀಲವು ಬೇಕು. ಅಳಿಸುವ ಮುನ್ನ ಆದ್ಯಂತವಾಗಿ ಓದಲಿ. ಅಳಿಸಿದ ಕಡೆ ಗುರುತನ್ನೂ ಕಾರಣವನ್ನೂ ಇಡಲಿ. ಬರೆದವನ ಉತ್ತರವನ್ನು ಕೇಳಿ, ತಪ್ಪಾಗಿದ್ದರೆ ಮರಳಿ ಇಡಲಿ. ಕಂಪನಿಗೂ ಸರಕಾರಕ್ಕೂ ಇದು ಸಮಾನ. ಮಕ್ಕಳ ಉತ್ತರಪತ್ರಿಕೆಯ ಮೇಲೆ ಕೆಂಪು ಗೆರೆ ಎಳೆದ ಉಪಾಧ್ಯಾಯನು ಪಕ್ಕದಲ್ಲಿ ತಪ್ಪು ಯಾವುದೆಂದು ಬರೆಯುವನು. ಹಾಳೆಯನ್ನೇ ಹರಿದು ಒಲೆಗೆ ಹಾಕಿದರೆ ತಂದೆತಾಯಿಗಳು ಸುಮ್ಮನಿರುವರೆ?