ಯಕೃತ್ತಿಗೆ ಮದ್ದು, ಕಣ್ಣಿಗೆ ಕುತ್ತು

ಔಷಧದ ಪೆಟ್ಟಿಗೆಯೊಳಗೆ ಮಡಚಿಟ್ಟಿರುವ ತೆಳು ಕಾಗದವನ್ನು ನೀವು ಎಂದಾದರೂ ಪೂರ್ತಿ ಓದಿದ್ದೀರಾ? ಇರುವೆ ಸಾಲಿನಂಥ ಅಕ್ಷರ, ಅದೂ ಇಂಗ್ಲಿಷಿನಲ್ಲಿ. ಹಾಗಾಗಿ ಅದು ಸಾಮಾನ್ಯವಾಗಿ ಕಸದ ಬುಟ್ಟಿ ಸೇರುತ್ತದೆ. ಪೆಗ್‌ಇಂಟರ್‌ಫೆರಾನ್ ಚುಚ್ಚುಮದ್ದಿನ ಮಾಹಿತಿ ಪತ್ರವನ್ನು ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿದ್ದೇನೆ. ಅದರಲ್ಲಿ ಕಣ್ಣಿನ ಬಗ್ಗೆ ಇರುವ ನಾಲ್ಕಾರು ಸಾಲುಗಳಲ್ಲಿ ಒಂದು ಒಳ್ಳೆಯ ಸಲಹೆಯೂ ಇದೆ, ಒಂದು ದೊಡ್ಡ ಕೊರತೆಯೂ ಇದೆ.

ಇಂಟರ್‌ಫೆರಾನನ್ನು ಐಸಾಕ್ಸ್ ಮತ್ತು ಲಿಂಡನ್‌ಮನ್ ಎಂಬ ವಿಜ್ಞಾನಿಗಳು 1957ರಲ್ಲಿ ಗುರುತಿಸಿದರು. ವೈರಸ್ ಹೊಕ್ಕ ಜೀವಕೋಶವು ನೆರೆಯ ಕೋಶಗಳಿಗೆ ಕಳುಹಿಸುವ ಎಚ್ಚರಿಕೆಯ ಪ್ರೋಟೀನು ಇದು. ಹೆಪಟೈಟಿಸ್ ಸಿ ವೈರಸ್ 1989ರಲ್ಲಿ ಪತ್ತೆಯಾದ ಮೇಲೆ, ಸುಮಾರು ಎರಡು ದಶಕಗಳ ಕಾಲ ಈ ಪ್ರೋಟೀನೇ ಅದರ ಚಿಕಿತ್ಸೆಯ ಆಧಾರವಾಗಿತ್ತು. ನಂತರದ ವರ್ಷಗಳಲ್ಲಿ ವಾರಕ್ಕೊಂದು ಪೆಗ್‌ಇಂಟರ್‌ಫೆರಾನ್ ಚುಚ್ಚುಮದ್ದು, ಜೊತೆಗೆ ದಿನವೂ ರಿಬಾವಿರಿನ್ ಮಾತ್ರೆ; ವೈರಸ್ಸಿನ ಬಗೆಯನ್ನನುಸರಿಸಿ 24 ಅಥವಾ 48 ವಾರ.

ಕಣ್ಣಿನ ತೊಂದರೆ 1990ರಲ್ಲೇ ಜಪಾನಿನ ವೈದ್ಯರ ಗಮನಕ್ಕೆ ಬಂದಿತ್ತು. ಅಕ್ಷಿಪಟಲದ ಮೇಲೆ ಹತ್ತಿಯ ಎಸಳಿನಂಥ ಬಿಳಿ ಮಚ್ಚೆಗಳು, ಅಲ್ಲಲ್ಲಿ ರಕ್ತಸ್ರಾವದ ಕೆಂಪು ಗುರುತುಗಳು ಕಾಣಿಸಿಕೊಂಡವು. ಈ ಮಚ್ಚೆ ಏನೆಂದು ವಿದ್ಯಾರ್ಥಿಗಳು ತಿಳಿದಿರಬೇಕು. ಒಂದು ಲೋಮನಾಳ ಮುಚ್ಚಿಕೊಂಡಾಗ ಆ ಭಾಗದ ನರತಂತುವಿಗೆ ಆಮ್ಲಜನಕ ಸಿಗುವುದಿಲ್ಲ. ತಂತುವಿನೊಳಗೆ ಹರಿಯುತ್ತಿದ್ದ ದ್ರವ್ಯ ಅಲ್ಲೇ ನಿಂತು, ತಂತು ಊದಿಕೊಳ್ಳುತ್ತದೆ. ಊದಿಕೊಂಡ ಆ ಜಾಗವೇ ಬಿಳಿ ಮಚ್ಚೆ. ಇಂಟರ್‌ಫೆರಾನ್ ಪ್ರಚೋದಿಸಿದ ಬಿಳಿ ರಕ್ತಕಣಗಳು ಲೋಮನಾಳದ ಗೋಡೆಗೆ ಅಂಟಿಕೊಳ್ಳುವುದು ಮತ್ತು ರೋಗನಿರೋಧಕ ಸಂಕೀರ್ಣಗಳು ಅಲ್ಲಿ ಶೇಖರವಾಗುವುದು ಇದಕ್ಕೆ ಕೊಡಲಾಗುವ ವಿವರಣೆಗಳು. ಔಷಧದಿಂದ ಕಿರುತಟ್ಟೆಗಳೂ ಕಡಿಮೆಯಾಗುವುದರಿಂದ ರಕ್ತ ಸುಲಭವಾಗಿ ಸೋರುತ್ತದೆ.

ಈಗ ಪತ್ರಕ್ಕೆ ಬನ್ನಿ. ಚಿಕಿತ್ಸೆಗೆ ಮೊದಲು ಎಲ್ಲರಿಗೂ ಕಣ್ಣಿನ ಪರೀಕ್ಷೆ ಆಗಬೇಕೆಂದು ಅದು ಹೇಳುತ್ತದೆ. ಇದು ಸರಿಯಾದ ಮಾತು. ಹಳೆಯ ಮಚ್ಚೆ ಯಾವುದು, ಹೊಸದು ಯಾವುದು ಎಂದು ಬೇರ್ಪಡಿಸಲು ಬೇರೆ ದಾರಿಯಿಲ್ಲ. ಮಧುಮೇಹ ಅಥವಾ ರಕ್ತದೊತ್ತಡದಿಂದ ಅಕ್ಷಿಪಟಲ ಮೊದಲೇ ಕೆಟ್ಟಿದ್ದರೆ ‘ಆಗಾಗ’ ಪರೀಕ್ಷಿಸಿ ಎನ್ನುತ್ತದೆ. ಆಗಾಗ ಎಂದರೆ ತಿಂಗಳಿಗೊಮ್ಮೆಯೇ, ಮೂರು ತಿಂಗಳಿಗೊಮ್ಮೆಯೇ? ಬಹುಪಾಲು ಮಚ್ಚೆಗಳು ಮೊದಲ ಕೆಲವು ತಿಂಗಳಲ್ಲೇ ಮೂಡುತ್ತವೆಂದು ಗೊತ್ತಿರುವಾಗ ಅದನ್ನು ಹೇಳಬಹುದಿತ್ತು. ಉಳಿದವರಿಗೆ ತೊಂದರೆ ಕಂಡಾಗ ಪರೀಕ್ಷೆ. ಆದರೆ ದೃಷ್ಟಿಕೇಂದ್ರದಿಂದ ಆಚೆ ಇರುವ ಮಚ್ಚೆ ರೋಗಿಗೆ ಗೊತ್ತೇ ಆಗುವುದಿಲ್ಲ!

ಇನ್ನೂ ತೊಡಕಿನದು ಮುಂದಿನ ಸಾಲು. ಕಣ್ಣಿನ ಕಾಯಿಲೆ ಹೊಸದಾಗಿ ಬಂದರೆ, ಇಲ್ಲವೇ ಹೆಚ್ಚಾದರೆ ಔಷಧ ನಿಲ್ಲಿಸಿ ಎಂದಿದೆ. ಅಕ್ಷರಶಃ ಪಾಲಿಸಿದರೆ ಎರಡು ಬಿಳಿ ಮಚ್ಚೆ ಕಂಡವನ ಚಿಕಿತ್ಸೆಯೂ ನಿಲ್ಲಬೇಕು. ಆ ಮಚ್ಚೆಗಳಾದರೋ ಎಷ್ಟೋ ಬಾರಿ ಔಷಧ ಮುಂದುವರಿದಿರುವಾಗಲೇ ಮಾಯವಾಗುತ್ತವೆ. ನಿಲ್ಲಿಸಿದರೆ ವೈರಸ್ ಉಳಿದು, ಯಕೃತ್ತು ಗಡುಸಾಗುವ ಸಿರೋಸಿಸ್ ಅಥವಾ ಕ್ಯಾನ್ಸರಿನ ದಾರಿ ತೆರೆದೇ ಇರುತ್ತದೆ. ನಿಲ್ಲಿಸದಿದ್ದರೆ, ಅಪರೂಪಕ್ಕೆ, ಅಕ್ಷಿಪಟಲದ ಮುಖ್ಯ ರಕ್ತನಾಳವೇ ಮುಚ್ಚಿ ಅಥವಾ ದೃಷ್ಟಿನರಕ್ಕೆ ಪೆಟ್ಟಾಗಿ ಶಾಶ್ವತವಾಗಿ ನೋಟ ಹೋಗಬಹುದು. ಯಾವ ಕಾಯಿಲೆ, ಎಷ್ಟು ತೀವ್ರ ಎಂಬ ವಿವೇಚನೆಗೆ ಪತ್ರದಲ್ಲಿ ಎಡೆಯೇ ಇಲ್ಲ. ಕಂಪೆನಿಯನ್ನು ನ್ಯಾಯಾಲಯದಲ್ಲಿ ಕಾಪಾಡಲು ಅಂಥ ಸಾಲು ಚೆನ್ನಾಗಿಯೇ ಕೆಲಸ ಮಾಡೀತು.

ಎಷ್ಟು ಜನರಿಗೆ ಹೀಗಾಗುತ್ತದೆ? ಪ್ರಕಟಿತ ಅಧ್ಯಯನಗಳಲ್ಲಿ ಶೇಕಡಾ 20ಕ್ಕಿಂತ ಕಡಿಮೆಯಿಂದ 80ಕ್ಕೂ ಮೇಲ್ಪಟ್ಟ ಸಂಖ್ಯೆಗಳಿವೆ. ಶಿಕ್ಷಕರು ಇದನ್ನು ತರಗತಿಯಲ್ಲಿ ಲೆಕ್ಕವಾಗಿಯೇ ಕೊಡಬಹುದು. ದೂರು ಹೇಳಿದವರನ್ನು ಮಾತ್ರ ಪರೀಕ್ಷಿಸಿದರೆ ಸಂಖ್ಯೆ ಇಳಿಯುತ್ತದೆ. ಪಾಪೆ ಹಿಗ್ಗಿಸಿ, ಎಲ್ಲರನ್ನೂ, ಎರಡು ವಾರಕ್ಕೊಮ್ಮೆ ನೋಡಿದರೆ ಬಂದುಹೋಗುವ ಮಚ್ಚೆಗಳೂ ಸಿಕ್ಕಿ ಸಂಖ್ಯೆ ಏರುತ್ತದೆ. ಗುಂಪಿನಲ್ಲಿ ಮಧುಮೇಹಿಗಳೆಷ್ಟು ಎಂಬುದೂ ಮುಖ್ಯ. ಅವರಿಗೆ ಔಷಧವಿಲ್ಲದೆಯೂ ಇಂಥ ಮಚ್ಚೆ ಬರುತ್ತದೆ. ಯಾರನ್ನು, ಯಾವಾಗ, ಹೇಗೆ ನೋಡಿದರೆಂದು ತಿಳಿಸದ ಶೇಕಡಾವಾರು ನಮಗೆ ಏನನ್ನೂ ಕಲಿಸದು.

ನಮ್ಮವರ ‘ಅಡ್ಡ ಪರಿಣಾಮ’ ಎಂಬ ಮಾತಿನ ಬಗ್ಗೆಯೂ ನನಗೆ ತಕರಾರಿದೆ. ಫ್ಲೂ ಬಂದಾಗಿನ ಜ್ವರ, ಮೈಕೈ ನೋವುಗಳಲ್ಲಿ ನಮ್ಮದೇ ಇಂಟರ್‌ಫೆರಾನಿನ ಪಾಲಿದೆ. ಚುಚ್ಚುಮದ್ದಾಗಿ ಕೊಟ್ಟಾಗಲೂ ಅದೇ ಜ್ವರ ಬರುತ್ತದೆ. ರೋಗನಿರೋಧಕ ವ್ಯವಸ್ಥೆಯನ್ನು ಕೆರಳಿಸುವುದು ಆ ಔಷಧದ ನೇರ ಕೆಲಸ.

2013ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಸೊಫೊಸ್ಬುವಿರ್ ಮಾತ್ರೆಗೆ ಅನುಮತಿ ದೊರೆತ ಮೇಲೆ ಹೆಪಟೈಟಿಸ್ ಸಿ ಚಿಕಿತ್ಸೆಯ ರೂಪವೇ ಬದಲಾಯಿತು. ನಮ್ಮಲ್ಲಿ 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಇಂಥ ಮಾತ್ರೆಗಳು ಉಚಿತ. ಆದರೂ ಹೆಪಟೈಟಿಸ್ ಬಿ ಮತ್ತು ಡಿ ಇರುವ ಕೆಲವರಿಗೆ ಪೆಗ್‌ಇಂಟರ್‌ಫೆರಾನ್ ಈಗಲೂ ಬೇಕಾಗುತ್ತದೆ. ಅವರ ಕೈಗೆ ಹೋಗುವ ಪತ್ರದಲ್ಲಿ ನಾನಾದರೆ ಒಂದು ಸಾಲು ಸೇರಿಸುತ್ತಿದ್ದೆ: ವಾರಕ್ಕೊಮ್ಮೆ ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಗೋಡೆಯ ಕ್ಯಾಲೆಂಡರ್ ಓದಿ, ಆಮೇಲೆ ಕಣ್ಣು ಬದಲಿಸಿ, ಎರಡೂ ತೆರೆದಿದ್ದರೆ ಒಂದರ ನಷ್ಟವನ್ನು ಇನ್ನೊಂದು ಮುಚ್ಚಿಹಾಕುತ್ತದೆ.