ಕಾಯುವುದಕ್ಕೂ ಒಂದು ತಾರೀಕು ಬೇಕು

ಎಂಟು ವರ್ಷದ ಹುಡುಗ. ಮೇಲುಸಾಲಿನಲ್ಲಿ ಬಲಗಡೆಯ ಮುಂದಿನ ಹಲ್ಲು ಅಗಲವಾಗಿ, ಅಂಚಿನಲ್ಲಿ ಗರಗಸದಂಥ ಕಚ್ಚುಗಳ ಜೊತೆ ಬಂದು ವರ್ಷವಾಯಿತು. ಎಡಗಡೆ ಇನ್ನೂ ಹಾಲುಹಲ್ಲೇ ಇದೆ, ಅಲ್ಲಾಡುವುದೂ ಇಲ್ಲ. "ಬರ್ತದೆ ಬಿಡಿ, ಇವನ ಅಪ್ಪನಿಗೂ ತಡವಾಗೇ ಬಂದಿದ್ದು" ಎನ್ನುತ್ತಾರೆ ಅಜ್ಜಿ. ಎಕ್ಸ್‌ರೇ ತೆಗೆಸಿದರೆ ದವಡೆಯೊಳಗೆ, ಸರಿಯಾಗಿ ನಡುವೆ, ಮಲ್ಲಿಗೆ ಮೊಗ್ಗಿನಂತೆ ಚೂಪಾದ ಒಂದು ಹಲ್ಲು ಕಾಣುತ್ತದೆ. ಅದರ ಮೇಲೆ, ಇಳಿಯಲು ದಾರಿ ಸಿಗದೆ ನಿಂತದ್ದು ನಿಜವಾದ ಹಲ್ಲು.

ನಡುವಿನ ಆ ಚೂಪು ಹಲ್ಲಿಗೆ ದಂತವೈದ್ಯರು ಮೀಸಿಯೋಡೆನ್ಸ್ ಎನ್ನುತ್ತಾರೆ. ಕಾಯಂ ಹಲ್ಲುಗಳಲ್ಲಿ ಹೀಗೆ ಹೆಚ್ಚುವರಿ ಹಲ್ಲು ನೂರರಲ್ಲಿ ಸುಮಾರು 1ರಿಂದ 3 ಜನಕ್ಕೆ ಇರುತ್ತದೆ, ಹುಡುಗರಲ್ಲಿ ಹೆಚ್ಚು. ಹಲ್ಲಿನ ಮೇಲೆ ಹಲ್ಲು ಬಂದರೆ ಅದೃಷ್ಟ ಎಂಬ ಮಾತು ನಮ್ಮಲ್ಲಿದೆ. ಆ ಮಾತು ನಂಬಿ ಕೂತ ಮನೆಗಳ ಮಕ್ಕಳು ಕಳೆದುಕೊಂಡದ್ದು ಕಡಿಮೆಯಲ್ಲ.

ಕೀಳಬೇಕೋ, ಕಾಯಬೇಕೋ ಎಂಬುದರಲ್ಲಿ ವೈದ್ಯರಲ್ಲೇ ಎರಡು ಪಕ್ಷಗಳಿವೆ. ಬೇಗ ಕಿತ್ತರೆ ಪಕ್ಕದ ಹಲ್ಲಿನ ಎಳೆಬೇರಿಗೆ ಪೆಟ್ಟಾದೀತು, ಎಂಟು-ಹತ್ತು ವರ್ಷದವರೆಗೆ ಬೇರು ಬಲಿಯಲಿ ಎನ್ನುತ್ತದೆ ಒಂದು. ತಡವಾದರೆ ಅಕ್ಕಪಕ್ಕದ ಹಲ್ಲುಗಳು ವಾಲಿಕೊಂಡು ಜಾಗ ನುಂಗುತ್ತವೆ ಎನ್ನುತ್ತದೆ ಇನ್ನೊಂದು. ಎರಡೂ ಅನುಭವದ ಮಾತೇ. ತಲೆಕೆಳಗಾಗಿ ಮೇಲೆಲ್ಲೋ ಅಡಗಿ ಯಾರಿಗೂ ಅಡ್ಡ ಬರದ ಹಲ್ಲನ್ನು ಮುಟ್ಟದೆ, ಆಗಾಗ ಎಕ್ಸ್‌ರೇಯಲ್ಲಿ ನೋಡಿಕೊಂಡರೆ ಸಾಕು. ದಾರಿಗಡ್ಡ ಮಲಗಿದ್ದನ್ನು ಮಾತ್ರ ತೆಗೆಸಲೇಬೇಕು.

ನನ್ನ ತಕರಾರು ಇರುವುದು ನಮ್ಮ ಘಟ್ಟದ ಮೇಲೆ ಹೇಳುವ "ಆರು ತಿಂಗಳು ನೋಡೋಣ" ಎಂಬ ಮಾತಿನ ಮೇಲೆ. ಕಳಸದವರು ಮಣಿಪಾಲದ ಡೆಂಟಲ್ ಕಾಲೇಜಿಗೆ ಹೋಗಬೇಕಾದರೆ ಕುದುರೆಮುಖ, ಕಾರ್ಕಳ ದಾಟಬೇಕು. ಮೂಡಿಗೆರೆಯವರು ಮಂಗಳೂರಿಗೆ ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯಬೇಕು. ಜುಲೈಯಲ್ಲಿ ಗುಡ್ಡ ಜರಿಯುವ ಭಯ. ಜನವರಿಯಲ್ಲಿ ಕಾಫಿ ಕೊಯ್ಲು, ತೋಟದ ಲೈನ್ ಮನೆಯ ತಾಯಿಗೆ ಒಂದು ದಿನ ತಪ್ಪಿದರೆ ಆ ದಿನದ ಕೂಲಿ ಹೋಯಿತು. ಆ ಆರು ತಿಂಗಳು ಹೀಗೆ ಐದು ವರ್ಷವಾಗುತ್ತದೆ. ಶಾಲೆಯ ಗ್ರೂಪ್ ಫೋಟೋದಲ್ಲಿ ಹುಡುಗ ತುಟಿ ಬಿಗಿದು ನಿಲ್ಲುತ್ತಾನೆ. ಆಗ ಬಂದರೆ ಒಸಡು ಬಿಡಿಸಿ, ಒಳಗಿನ ಹಲ್ಲಿಗೆ ಬ್ರಾಕೆಟ್ ಅಂಟಿಸಿ, ತಿಂಗಳುಗಟ್ಟಲೆ ತಂತಿಯಿಂದ ಎಳೆಯಬೇಕು. ತಿಂಗಳಿಗೊಮ್ಮೆ ಘಟ್ಟ ಇಳಿಯುವವರು ಯಾರು?

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಸರ್ಕಾರಿ ಶಾಲೆಗೆ ವರ್ಷಕ್ಕೊಮ್ಮೆ ಬರಬೇಕು. ದೊಡ್ಡ ಕೆಲಸವದು. ಹುಳುಕಿನ ಜೊತೆಗೆ ಅವರು ಇನ್ನೊಂದನ್ನೂ ನೋಡಲಿ: ಎಡ-ಬಲ ಸಮ ಇದೆಯೇ? ಒಂದು ಕಡೆ ಹಲ್ಲು ಬಂದು ಆರು ತಿಂಗಳಾದರೂ ಇನ್ನೊಂದು ಕಡೆ ಬರದಿದ್ದರೆ ಎಕ್ಸ್‌ರೇ ಬೇಕು. ಎಡ-ಬಲ ನೋಡಲು ಬೇಕಾದ್ದು ಒಂದು ಟಾರ್ಚ್. ಎರಡನೇ, ಮೂರನೇ ಕ್ಲಾಸಿನ ಮೇಷ್ಟ್ರೂ ನೋಡಬಹುದು.

ಮತ್ತೆ ಯಾವಾಗ ಬರಬೇಕು ಎಂದು ವೈದ್ಯರು ಚೀಟಿಯಲ್ಲಿ ಬರೆಯುವಾಗ ಕ್ಯಾಲೆಂಡರ್ ಜೊತೆ ತೋಟವನ್ನೂ ನೆನೆಯಲಿ. ಮಳೆ ಇಳಿದು, ಕೊಯ್ಲು ಇನ್ನೂ ಹಿಡಿಯದ ಅಕ್ಟೋಬರ್ ಇದೆ; ಕೀಳಿಸುವುದಿದ್ದರೆ ಆಗಲೇ ಆಗಲಿ. ಅಡ್ಡವಿದ್ದದ್ದು ಹೋದ ಮೇಲೆ, ಜಾಗ ಉಳಿದಿದ್ದರೆ, ಎಷ್ಟೋ ಮಕ್ಕಳಲ್ಲಿ ಹಲ್ಲು ತಾನಾಗಿಯೇ ಇಳಿಯುತ್ತದೆ. ಕೆಲವರಿಗೆ ಆರು ತಿಂಗಳು, ಕೆಲವರಿಗೆ ವರ್ಷದ ಮೇಲೆ. ನಡುವೆ ಊರಿನ ದಂತವೈದ್ಯರು ನೋಡುತ್ತಿದ್ದರಾಯಿತು. ಮುಂದಿನ ಅಕ್ಟೋಬರಿಗೆ ಇನ್ನೊಮ್ಮೆ ಘಟ್ಟ ಇಳಿದರೆ ಸಾಕು.