ಅಶ್ವಹೃದಯ ಮತ್ತು ಸಹೃದಯ

ಕುದುರೆಯನ್ನು ಕುರಿತ ಶಾಸ್ತ್ರ ಬಹು ಹಳೆಯದು. ಗ್ರೀಸಿನ ಕ್ಸೆನೊಫನ್ ಕ್ರಿಸ್ತಪೂರ್ವ ೪ನೆಯ ಶತಮಾನದಲ್ಲಿಯೇ ಅಶ್ವಾರೋಹಣವನ್ನು ವಿಷಯವಾಗಿಟ್ಟುಕೊಂಡು ಒಂದು ಗ್ರಂಥವನ್ನು ರಚಿಸಿದನು. ನಮ್ಮಲ್ಲಿ ಶಾಲಿಹೋತ್ರನ ಹೆಸರಿನಲ್ಲಿ ಒಂದು ಶಾಸ್ತ್ರಪರಂಪರೆಯೇ ಬೆಳೆದಿದೆ; ಕನ್ನಡದಲ್ಲಿ ಅಭಿನವಚಂದ್ರನು ಅಶ್ವವೈದ್ಯವನ್ನು ಕುರಿತು ಬರೆದನು. ಈ ಎಲ್ಲ ಗ್ರಂಥಗಳಲ್ಲಿಯೂ ಕುದುರೆಯು ಶಿಷ್ಯ, ಇಲ್ಲವೆ ರೋಗಿ. ಕಲಿಸುವವನೂ ಚಿಕಿತ್ಸೆ ನೀಡುವವನೂ ಮನುಷ್ಯನೇ. ಈಚಿನ ಕೆಲವು ದಶಕಗಳಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ತಲೆಯೆತ್ತಿರುವ ಅಶ್ವಸಹಾಯಿತ ಕಲಿಕೆ ಎಂಬ ಪದ್ಧತಿಯು ಈ ಸಂಬಂಧವನ್ನು ತಲೆಕೆಳಗು ಮಾಡಿ, ಕುದುರೆಯನ್ನು ಗುರುಪೀಠದಲ್ಲಿ ಕುಳ್ಳಿರಿಸಿದೆ. ಮನುಷ್ಯನಿಗೂ ಕುದುರೆಗೂ ನಡುವೆ ನಿಂತು ಈ ಕಲಿಕೆಯನ್ನು ನಡೆಸಿಕೊಡುವವನಿಗೆ ಈಗ ಪ್ರತ್ಯೇಕವಾದ ಶಿಕ್ಷಣಕ್ರಮಗಳೂ ಪ್ರಮಾಣಪತ್ರಗಳೂ ಏರ್ಪಟ್ಟಿವೆ. ಆ ಶಿಕ್ಷಣದ ಮೂಲದಲ್ಲಿರುವ ಒಂದು ಕಲ್ಪನೆಯನ್ನು ಪರೀಕ್ಷಿಸುವುದು ಈ ಲೇಖನದ ಉದ್ದೇಶ.

ಮೊದಲು ವಿಷಯದ ಸ್ವರೂಪವನ್ನು ಸ್ಪಷ್ಟಪಡಿಸಿಕೊಳ್ಳುವುದು ಅವಶ್ಯ. ಅಂಗವೈಕಲ್ಯವುಳ್ಳವರಿಗೆ ಸವಾರಿಯಿಂದ ಪ್ರಯೋಜನವುಂಟೆಂಬ ಭಾವನೆಗೆ ವ್ಯಾಪಕವಾದ ಮನ್ನಣೆ ದೊರೆತುದರಲ್ಲಿ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಎಂಬಾಕೆಯ ಪಾತ್ರ ದೊಡ್ಡದು. ೧೯೪೪ರಲ್ಲಿ ಪೋಲಿಯೋ ತಗುಲಿ ಮೊಣಕಾಲಿನ ಕೆಳಗೆ ಸ್ವಾಧೀನ ತಪ್ಪಿದ ಈ ಮಹಿಳೆ, ೧೯೫೨ರ ಹೆಲ್ಸಿಂಕಿ ಒಲಿಂಪಿಕ್ ಕೂಟದ ಅಶ್ವಶಿಕ್ಷಣ ಸ್ಪರ್ಧೆಯಲ್ಲಿ ಪುರುಷರೊಡನೆ ಸ್ಪರ್ಧಿಸಿ ಬೆಳ್ಳಿಯ ಪದಕವನ್ನು ಪಡೆದಳು. ೧೯೬೯ರಲ್ಲಿ ಬ್ರಿಟನ್ನಿನಲ್ಲಿಯೂ ಅಮೆರಿಕದಲ್ಲಿಯೂ ಇಂಥ ಸವಾರಿಗಾಗಿ ಸಂಘಗಳು ಸ್ಥಾಪಿತವಾದುವು. ಆದರೆ ನಮ್ಮ ವಿಷಯ ಇದರಿಂದ ಭಿನ್ನವಾದುದು. ೧೯೯೯ರಲ್ಲಿ ಅಮೆರಿಕದಲ್ಲಿ ಪ್ರಾರಂಭವಾದ ಈಗಲಾ ಎಂಬ ಸಂಸ್ಥೆಯ ಕ್ರಮದಲ್ಲಿ ಸವಾರಿಯೇ ಇಲ್ಲ. ಭಾಗಿಯಾಗುವವನು ನೆಲದ ಮೇಲೆಯೇ ನಿಂತಿರುತ್ತಾನೆ. ಕುದುರೆಯೊಡನೆ ನಡೆಯುತ್ತಾನೆ, ಅದನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಕರೆದೊಯ್ಯಲು ಯತ್ನಿಸುತ್ತಾನೆ, ಸೋಲುತ್ತಾನೆ, ಮತ್ತೆ ಯತ್ನಿಸುತ್ತಾನೆ. ಮನಶ್ಶಾಸ್ತ್ರದಲ್ಲಿ ಪರಿಣತನಾದವನೊಬ್ಬ, ಕುದುರೆಗಳನ್ನು ಬಲ್ಲವನೊಬ್ಬ, ಇಬ್ಬರೂ ಜೊತೆಯಾಗಿ ನಿಂತು ನಡೆದುದನ್ನು ಗಮನಿಸುತ್ತಾರೆ. ಇದೇ ಬಗೆಯ ಚಟುವಟಿಕೆಯನ್ನು ಚಿಕಿತ್ಸೆಗಾಗಿ ಅಲ್ಲದೆ ವ್ಯಕ್ತಿತ್ವವಿಕಾಸಕ್ಕಾಗಿ, ನಾಯಕತ್ವದ ಅಭ್ಯಾಸಕ್ಕಾಗಿ, ಶಾಲೆಯ ಮಕ್ಕಳ ಶಿಕ್ಷಣಕ್ಕಾಗಿ ನಡೆಸಿದಾಗ ಅದು ಅಶ್ವಸಹಾಯಿತ ಕಲಿಕೆ ಎನಿಸಿಕೊಳ್ಳುತ್ತದೆ.

ಈ ಕಾರ್ಯಕ್ಕೆ ಸಿದ್ಧನಾಗುವವನು ಕಲಿಯಬೇಕಾದುದು ಸಾಮಾನ್ಯವಾಗಿ ನಾಲ್ಕು ಬಗೆ: ಕುದುರೆಯ ಸ್ವಭಾವ ಮತ್ತು ಪೋಷಣೆ, ಭಾಗಿಗಳ ರಕ್ಷಣೆ, ಗುಂಪನ್ನು ನಡೆಸುವ ಕ್ರಮ, ತನ್ನ ಮನಸ್ಸನ್ನು ತಾನು ಪರೀಕ್ಷಿಸಿಕೊಳ್ಳುವ ಅಭ್ಯಾಸ. ಮೊದಲನೆಯ ಮೂರರ ವಿಷಯದಲ್ಲಿ ಹೆಚ್ಚಿನ ವಿವಾದವಿಲ್ಲ. ಆದರೆ ಈ ನಾಲ್ಕನ್ನೂ ಒಂದುಗೂಡಿಸುವ ಸೂತ್ರವಾಗಿ ಒಂದು ರೂಪಕವು ಎಲ್ಲೆಲ್ಲಿಯೂ ಕೇಳಿಬರುತ್ತದೆ. ಅದೆಂದರೆ ‘ಕುದುರೆಯು ಕನ್ನಡಿ’ ಎಂಬುದು. ಮನುಷ್ಯನು ಹೊರಗೆ ಒಂದನ್ನು ತೋರಿಸಿ ಒಳಗೆ ಇನ್ನೊಂದನ್ನು ಅನುಭವಿಸುತ್ತಿದ್ದರೆ ಕುದುರೆಯು ಅದನ್ನು ಗ್ರಹಿಸಿ ತನ್ನ ವರ್ತನೆಯಿಂದ ಪ್ರಕಟಿಸುತ್ತದೆ ಎಂದು ಈ ಪದ್ಧತಿಯವರಲ್ಲಿ ಬಹುಮಂದಿ ನಂಬುತ್ತಾರೆ. ಈ ರೂಪಕವನ್ನು ನಾವು ಸುಮ್ಮನೆ ಒಪ್ಪಬಹುದೆ?

ಇದರಲ್ಲಿ ಸತ್ಯದ ಅಂಶವಿಲ್ಲವೆಂದು ಹೇಳುವಂತಿಲ್ಲ. ಬೇಟೆಯಾಡುವ ಪ್ರಾಣಿಗಳಿಗೆ ಆಹಾರವಾಗುತ್ತಿದ್ದ, ಹಿಂಡಿನಲ್ಲಿ ಬಾಳುವ ಪ್ರಾಣಿ ಕುದುರೆ. ಸುತ್ತಲಿನವರ ದೇಹದ ಸಣ್ಣ ಚಲನೆಯನ್ನೂ ಗಮನಿಸುವುದು ಅದರ ಪ್ರಾಣರಕ್ಷಣೆಯ ಉಪಾಯ. ಸ್ವೀಡನ್ನಿನಲ್ಲಿ ಲಿಂಡಾ ಕೀಲಿಂಗ್ ಮತ್ತು ಸಂಗಡಿಗರು ನಡೆಸಿ ೨೦೦೯ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಕುದುರೆಯನ್ನು ನಡೆಸಿಕೊಂಡು ಹೋಗುತ್ತಿದ್ದವರಿಗೂ ಸವಾರರಿಗೂ ಈ ಸಲ ಕುದುರೆಯ ಮುಂದೆ ಕೊಡೆಯೊಂದನ್ನು ಬಿಚ್ಚಲಾಗುವುದು ಎಂದು ಮುಂಚಿತವಾಗಿ ತಿಳಿಸಲಾಯಿತು. ಕೊಡೆಯನ್ನು ಯಾರೂ ಬಿಚ್ಚಲಿಲ್ಲ. ಆದರೂ ಮನುಷ್ಯರ ಎದೆಬಡಿತ ಏರಿತು. ಅವರೊಡನೆ ಇದ್ದ ಕುದುರೆಗಳ ಎದೆಬಡಿತವೂ ಏರಿತು. ೨೦೧೬ರಲ್ಲಿ ಸಸೆಕ್ಸ್ ವಿಶ್ವವಿದ್ಯಾನಿಲಯದ ಸಂಶೋಧಕರು ೨೮ ಕುದುರೆಗಳಿಗೆ ಮನುಷ್ಯಮುಖದ ಚಿತ್ರಗಳನ್ನು ತೋರಿಸಿದಾಗ, ಕೋಪದ ಮುಖವನ್ನು ಕಂಡಾಗ ಅವು ಎಡಗಣ್ಣಿನಿಂದ ನೋಡುವ ಒಲವನ್ನು ತೋರಿದುವು. ಎದೆಬಡಿತವೂ ಬೇಗನೆ ಏರಿತು. ಮನುಷ್ಯನ ಭಯಕ್ರೋಧಾದಿಗಳ ಬಾಹ್ಯಚಿಹ್ನೆಗಳಿಗೆ ಕುದುರೆಯು ಸ್ಪಂದಿಸುತ್ತದೆಂಬುದಕ್ಕೆ ಇವು ಒಳ್ಳೆಯ ಪ್ರಮಾಣಗಳು.

ಆದರೆ ಸ್ಪಂದನ ಬೇರೆ, ಅರ್ಥ ಬೇರೆ. ಕೊಡೆಯ ಪ್ರಯೋಗದಲ್ಲಿ ಕುದುರೆಗೆ ತಿಳಿದುದು ಬಗಲಿನಲ್ಲಿರುವವನ ಉದ್ವೇಗವೇ ಹೊರತು ಆ ಉದ್ವೇಗದ ಕಾರಣವಲ್ಲ. ಕನ್ನಡಿಯು ಎದುರಿಗಿರುವುದನ್ನು ಮಾತ್ರ ತೋರುತ್ತದೆ, ತನ್ನದೆಂಬುದು ಅದಕ್ಕೆ ಏನೂ ಇಲ್ಲ. ಕುದುರೆಗಾದರೋ ಹಸಿವುಂಟು, ಜೊತೆಗಾರನ ಹಂಬಲವುಂಟು, ಗೊರಸಿನ ನೋವುಂಟು, ನೊಣಗಳ ಕಾಟವುಂಟು. ತಂದೆಯನ್ನು ಕಳೆದುಕೊಂಡ ಹುಡುಗನೊಬ್ಬ ಅಂಗಳಕ್ಕೆ ಬಂದನೆಂದು ಭಾವಿಸೋಣ. ಅವನು ಹತ್ತಿರ ಹೋದೊಡನೆ ಕುದುರೆಯು ಮುಖ ತಿರುಗಿಸಿ ಬೇಲಿಯ ಕಡೆಗೆ ನಡೆಯಿತು. “ನಿನ್ನೊಳಗಿನ ಸಿಟ್ಟನ್ನು ಅದು ಕಂಡಿತು” ಎಂದು ನಡೆಸುವವನು ಹೇಳಿದನಾದರೆ, ಬೇಲಿಯ ಆಚೆ ಯಾರೋ ಹುಲ್ಲು ತಂದು ಹಾಕಿದ್ದು ಅವನ ಗಮನಕ್ಕೆ ಬಾರದಿರಬಹುದು. ಹುಡುಗನು ಮಾತ್ರ ತಾನು ಪ್ರಾಣಿಗಳಿಗೂ ಬೇಡವಾದವನೆಂಬ ತೀರ್ಪನ್ನು ಹೊತ್ತು ಮನೆಗೆ ಹೋಗುತ್ತಾನೆ. ಮನುಷ್ಯನು ಆಡಿದ ಮಾತನ್ನು ಅಲ್ಲಗಳೆಯಬಹುದು. ಮೂಕಪ್ರಾಣಿಯ ಬಾಯಿಂದ ಬಂದುದೆಂದು ಹೇಳಿದ ಮಾತಿಗೆ ಎದುರಾಡುವುದು ಎಳೆಯ ಮನಸ್ಸಿಗೆ ಸುಲಭವಲ್ಲ. ಆದುದರಿಂದ ಈ ರೂಪಕದ ಪ್ರಶ್ನೆ ಕೇವಲ ಅಲಂಕಾರದ ಪ್ರಶ್ನೆಯಲ್ಲ.

ಇಂಥ ಭ್ರಮೆಯ ಸ್ವರೂಪವನ್ನು ತಿಳಿಯಲು ಇತಿಹಾಸದಲ್ಲಿ ಒಂದು ಪ್ರಸಿದ್ಧ ನಿದರ್ಶನವಿದೆ. ೨೦ನೆಯ ಶತಮಾನದ ಆದಿಯಲ್ಲಿ ಬರ್ಲಿನ್ ನಗರದ ವಿಲ್ಹೆಲ್ಮ್ ಫಾನ್ ಆಸ್ಟೆನ್ ಎಂಬ ನಿವೃತ್ತ ಉಪಾಧ್ಯಾಯನು ತನ್ನ ಕುದುರೆ ಹಾನ್ಸ್‌ಗೆ ಗಣಿತವನ್ನು ಕಲಿಸಿರುವೆನೆಂದು ನಂಬಿದ್ದನು. ಪ್ರಶ್ನೆಯನ್ನು ಕೇಳಿದರೆ ಕುದುರೆಯು ಗೊರಸಿನಿಂದ ನೆಲವನ್ನು ತಟ್ಟಿ ಸರಿಯಾದ ಉತ್ತರವನ್ನು ಕೊಡುತ್ತಿತ್ತು. ೧೯೦೪ರಲ್ಲಿ ಕಾರ್ಲ್ ಸ್ಟುಂಫ್ ಅವರ ನೇತೃತ್ವದ ಮಂಡಲಿಯು ಇದನ್ನು ಪರಿಶೀಲಿಸಿ, ಇದರಲ್ಲಿ ಮೋಸವಿಲ್ಲವೆಂದು ಹೇಳಿತು. ಅನಂತರ ಆಸ್ಕರ್ ಫುಂಗ್ಸ್ಟ್ ನಡೆಸಿ ೧೯೦೭ರಲ್ಲಿ ಪ್ರಕಟಿಸಿದ ಪರೀಕ್ಷೆಗಳಿಂದ ನಿಜಸ್ಥಿತಿ ಹೊರಬಿದ್ದಿತು. ಕೇಳುವವನಿಗೆ ಉತ್ತರ ತಿಳಿಯದಿದ್ದರೆ ಕುದುರೆಗೂ ತಿಳಿಯುತ್ತಿರಲಿಲ್ಲ. ಕೇಳುವವನು ಕಣ್ಣಿಗೆ ಬೀಳದಿದ್ದರೆ ಅದು ತಪ್ಪುತ್ತಿತ್ತು. ಗೊರಸಿನ ತಟ್ಟು ಸರಿಯಾದ ಸಂಖ್ಯೆಯನ್ನು ಮುಟ್ಟಿದಾಗ ಕೇಳುವವನ ತಲೆ ಅವನಿಗೇ ಅರಿವಿಲ್ಲದಂತೆ ಎಳ್ಳಷ್ಟು ಮೇಲೇಳುತ್ತಿತ್ತು. ಅದನ್ನು ಕಂಡು ಕುದುರೆಯು ನಿಲ್ಲಿಸುತ್ತಿತ್ತು. ಈ ರಹಸ್ಯವನ್ನು ಕಂಡುಹಿಡಿದ ಮೇಲೆಯೂ ಫುಂಗ್ಸ್ಟ್‌ಗೆ ತನ್ನ ತಲೆಯ ಚಲನೆಯನ್ನು ಪೂರ್ತಿಯಾಗಿ ತಡೆಯುವುದು ಕಷ್ಟವಾಯಿತು.

ಈ ಪ್ರಸಂಗವನ್ನು ಕುದುರೆಯ ಬುದ್ಧಿಹೀನತೆಗೆ ಸಾಕ್ಷಿಯಾಗಿ ಹೇಳುವುದುಂಟು. ಅದು ಸರಿಯಲ್ಲ. ಹಾನ್ಸ್‌ನ ಓದು ತಪ್ಪಾಗಿರಲಿಲ್ಲ. ತಪ್ಪಾದುದು ಹಾನ್ಸ್‌ನನ್ನು ಕುರಿತು ಒಡೆಯನು ಮಾಡಿಕೊಂಡ ಓದು. ತನ್ನ ದೇಹದಿಂದ ಹೊರಟು ಕುದುರೆಯ ಮೂಲಕ ತನಗೇ ಮರಳಿದ ಸಂಜ್ಞೆಯನ್ನು ಅವನು ಕುದುರೆಯ ಜ್ಞಾನವೆಂದು ಭ್ರಮಿಸಿದನು. ಇಂದಿನ ಅಂಗಳದಲ್ಲಿಯೂ ಇದೇ ಅಪಾಯವಿದೆ. ನಡೆಸುವವನೂ ಕುದುರೆಯ ಕಣ್ಣಿನ ಎಟುಕಿನಲ್ಲಿಯೇ ನಿಂತಿರುತ್ತಾನೆ. ಕುದುರೆಯು ಪ್ರಕಟಿಸಿದುದು ಭಾಗಿಯ ಮನಸ್ಸನ್ನೋ, ನಡೆಸುವವನ ನಿರೀಕ್ಷೆಯನ್ನೋ, ತನ್ನ ಹಸಿವನ್ನೋ ಎಂಬುದು ಸುಲಭವಾಗಿ ತಿಳಿಯುವಂಥದಲ್ಲ.

ಇಲ್ಲಿ ನಮ್ಮ ಕಾವ್ಯಮೀಮಾಂಸೆಯ ಒಂದು ವಿಚಾರ ನೆನಪಿಗೆ ಬರುತ್ತದೆ. ಧ್ವನ್ಯಾಲೋಕಕ್ಕೆ ಬರೆದ ಲೋಚನವ್ಯಾಖ್ಯಾನದಲ್ಲಿ ಅಭಿನವಗುಪ್ತನು ಸಹೃದಯನ ಲಕ್ಷಣವನ್ನು ಹೇಳುವಾಗ ಕನ್ನಡಿಯ ರೂಪಕವನ್ನೇ ಬಳಸುತ್ತಾನೆ. ಆದರೆ ಅವನ ದೃಷ್ಟಿಯಲ್ಲಿ ಕನ್ನಡಿಯಾಗಿರುವುದು ಕಾವ್ಯವಲ್ಲ, ಓದುವವನ ಮನಸ್ಸು. ಆ ಕನ್ನಡಿಯು ಹುಟ್ಟಿನಿಂದಲೇ ನಿರ್ಮಲವಾಗಿರುವುದಿಲ್ಲ. ಕಾವ್ಯದ ಅನುಶೀಲನದಿಂದ, ಬಹುಕಾಲದ ಅಭ್ಯಾಸದಿಂದ ನಿರ್ಮಲವಾಗಬೇಕು. ಈ ವ್ಯತ್ಯಾಸ ನಮ್ಮ ವಿಷಯಕ್ಕೆ ಅತ್ಯಂತ ಮುಖ್ಯವಾದುದು. ಕುದುರೆಯೇ ಕನ್ನಡಿ ಎಂದವನಿಗೆ ತಾನು ಮಾಡಬೇಕಾದುದು ಹೆಚ್ಚೇನೂ ಉಳಿಯುವುದಿಲ್ಲ. ಕೆಲವು ವಾರಗಳ ಶಿಬಿರ ಸಾಕೆನಿಸಬಹುದು. ಕನ್ನಡಿಯಾಗಬೇಕಾದುದು ತನ್ನ ಮನಸ್ಸು ಎಂದವನಿಗೆ ಶಿಕ್ಷಣ ಮುಗಿಯುವುದೇ ಇಲ್ಲ.

ಇದಕ್ಕೆ ಪೋಷಕವಾದ ಕಥೆಯೊಂದು ಮಹಾಭಾರತದ ನಳೋಪಾಖ್ಯಾನದಲ್ಲಿದೆ. ಬಾಹುಕನ ವೇಷದಲ್ಲಿದ್ದ ನಳನು ಅಶ್ವಹೃದಯವನ್ನು ಬಲ್ಲವನು. ಋತುಪರ್ಣನ ರಥಕ್ಕೆ ಅವನು ಆರಿಸಿದುದು ಕೃಶವಾದ ಕುದುರೆಗಳನ್ನು. ಅರಸನು ಆಕ್ಷೇಪಿಸಿದರೂ ಲಕ್ಷಣಗಳನ್ನು ಕಂಡು ಆರಿಸಿದ ಆ ಕುದುರೆಗಳೇ ರಥವನ್ನು ವೇಗವಾಗಿ ಕೊಂಡೊಯ್ದುವು. ದಾರಿಯಲ್ಲಿ ಋತುಪರ್ಣನು ತಾರೆಯ ಮರವೊಂದರ ಎಲೆಕಾಯಿಗಳ ಸಂಖ್ಯೆಯನ್ನು ನೋಡಿದೊಡನೆಯೇ ಹೇಳಿದಾಗ ನಳನು ಅದನ್ನು ಬೆರಗಿನಿಂದ ಒಪ್ಪಿಬಿಡಲಿಲ್ಲ. ಅರಸನು ಅವಸರಪಡಿಸುತ್ತಿದ್ದರೂ ರಥವನ್ನು ನಿಲ್ಲಿಸಿ, ಮರವನ್ನು ಕೆಡಹಿ, ಎಣಿಸಿ ನೋಡಿದ ಮೇಲೆಯೇ ಒಪ್ಪಿದನು. ಅಶ್ವಹೃದಯವನ್ನು ಬಲ್ಲವನು ಎಣಿಸಿ ನೋಡುವವನೂ ಆಗಿದ್ದನೆಂಬುದು ಗಮನಾರ್ಹ.

ಹಾಗಾದರೆ ಪ್ರಚಲಿತ ಶಿಕ್ಷಣಕ್ರಮಗಳಲ್ಲಿ ಈ ಎಚ್ಚರವಿಲ್ಲವೆ? ಕೆಲವೆಡೆ ಉಂಟೆಂದು ಹೇಳುವುದು ನ್ಯಾಯ. ಈಗಲಾ ಕ್ರಮದಲ್ಲಿ ಗಮನಿಸುವವನಿಗೆ ಕೊಡುವ ಸೂತ್ರದಲ್ಲಿ ಐದು ಅಂಶಗಳಿವೆ. ಪಲ್ಲಟ, ಪುನರಾವೃತ್ತಿ, ಅಪೂರ್ವತೆ, ವಿಸಂಗತಿ ಎಂಬ ನಾಲ್ಕು ಹೊರಗೆ ನೋಡಬೇಕಾದುವು. ಐದನೆಯದು ‘ನನ್ನದು’ ಎಂಬುದು, ಎಂದರೆ ತಾನು ಕಂಡುದರಲ್ಲಿ ತನ್ನ ಸ್ವಂತ ಸುಖದುಃಖಗಳ ಬೆರಕೆ ಎಷ್ಟು ಎಂಬ ಪ್ರಶ್ನೆ. ‘ಕುದುರೆ ಬೇಸರಗೊಂಡಿತು’ ಎನ್ನದೆ ‘ಕುದುರೆ ಎರಡು ಹೆಜ್ಜೆ ಹಿಂದೆ ಸರಿಯಿತು, ಕಿವಿಗಳನ್ನು ಹಿಂದಕ್ಕೆ ಮಡಿಸಿತು’ ಎಂದು ಹೇಳುವ ಅಭ್ಯಾಸ ಈ ಕ್ರಮಕ್ಕೆ ಒಪ್ಪುವಂಥದು. ಈ ಐದನೆಯ ಅಂಶವೇ ಶಿಕ್ಷಣದ ತಿರುಳಾಗಬೇಕೆಂದು ನಮ್ಮ ಅಭಿಪ್ರಾಯ. ಇದಕ್ಕೆ ವಿರುದ್ಧವಾಗಿ, ಲಿಂಡಾ ಕೊಹನೊವ್ ೨೦೦೧ರಲ್ಲಿ ಪ್ರಕಟಿಸಿದ ‘ದಿ ಟಾವೋ ಆಫ್ ಈಕ್ವಸ್’ ಎಂಬ ಗ್ರಂಥದಿಂದ ಪ್ರಸಾರಗೊಂಡ ಧಾಟಿಯಲ್ಲಿ ಕುದುರೆಯು ಅಂತರಂಗವನ್ನು ಬಲ್ಲ ಜ್ಞಾನಿಯಾಗಿ ಕಾಣಿಸಿಕೊಳ್ಳುತ್ತದೆ. ಆ ಗ್ರಂಥದಲ್ಲಿ ಕುದುರೆಗಳ ಮೇಲಣ ಪ್ರೀತಿ ನಿಜವಾದುದು. ಆದರೆ ಪ್ರೀತಿಯು ಪ್ರಮಾಣದ ಸ್ಥಾನವನ್ನು ತುಂಬಲಾರದು.

ಒಂದು ಪೂರ್ವಪಕ್ಷವನ್ನು ಇಲ್ಲಿ ಎತ್ತಿಕೊಳ್ಳಬೇಕು. ಕುದುರೆಯು ಏನನ್ನೂ ಉದ್ದೇಶಿಸದಿದ್ದರೇನು, ಅದನ್ನು ನೋಡಿ ಭಾಗಿಯು ತನ್ನನ್ನು ತಿಳಿದುಕೊಂಡರೆ ಪ್ರಯೋಜನ ಸಿದ್ಧಿಸಿತಲ್ಲವೆ ಎಂದು ಕೆಲವರು ಕೇಳಬಹುದು. ಇದು ತೂಕವುಳ್ಳ ಮಾತು. ಆದರೆ ಇದನ್ನು ಒಪ್ಪಿದೊಡನೆ ಅರ್ಥವನ್ನು ಹೇಳುವ ಹಕ್ಕು ಭಾಗಿಗೆ ಸೇರುತ್ತದೆ. ಕುದುರೆಯ ಹೆಸರಿನಲ್ಲಿ ತೀರ್ಪು ಕೊಡುವ ಅಧಿಕಾರ ನಡೆಸುವವನಿಗೆ ಉಳಿಯುವುದಿಲ್ಲ. “ಈಗ ಏನು ನಡೆಯಿತು? ನಿನಗೆ ಹೇಗೆ ಕಂಡಿತು?” ಎಂದು ಕೇಳಿ ಸುಮ್ಮನಿರುವುದಷ್ಟೇ ಅವನ ಪಾಲಿನ ಕೆಲಸ. ಪ್ರಯೋಜನದ ವಿಷಯದಲ್ಲಿಯೂ ಸಂಯಮ ಬೇಕು. ಮಾನಸಿಕ ವ್ಯಾಧಿಗಳಿಗೆ ಅಶ್ವಸಂಬಂಧವಾದ ಚಿಕಿತ್ಸೆಗಳನ್ನು ಕುರಿತ ೧೪ ಅಧ್ಯಯನಗಳನ್ನು ಮೈಕೇಲ್ ಅನೆಸ್ಟಿಸ್ ಮತ್ತು ಸಂಗಡಿಗರು ೨೦೧೪ರಲ್ಲಿ ಪರಿಶೀಲಿಸಿ, ಅವುಗಳ ವಿಧಾನದಲ್ಲಿ ಗುರುತರವಾದ ದೋಷಗಳಿರುವುದರಿಂದ ಫಲವು ಸ್ಥಾಪಿತವಾಗಿಲ್ಲವೆಂದು ನಿರ್ಣಯಿಸಿದರು. ಆ ಪರಿಶೀಲನೆಯು ಚಿಕಿತ್ಸೆಗೆ ಸಂಬಂಧಿಸಿದುದಾದರೂ ಕಲಿಕೆಯ ಹೆಸರಿನಲ್ಲಿ ದೊಡ್ಡ ಮಾತುಗಳನ್ನಾಡುವವರು ಅದನ್ನು ಮರೆಯಲಾಗದು.

ಇಷ್ಟಾದರೂ ಕುದುರೆಗೆ ಈ ಅಂಗಳದಲ್ಲಿ ಸ್ಥಾನವಿಲ್ಲವೆಂದು ನಮ್ಮ ತಾತ್ಪರ್ಯವಲ್ಲ. ಮನುಷ್ಯನ ಅನೇಕಪಟ್ಟು ತೂಗುವ ಆ ಪ್ರಾಣಿಯನ್ನು ಬಲದಿಂದ ಎಳೆಯಲಾಗದು, ಮಾತಿನಿಂದ ಮರುಳುಮಾಡಲಾಗದು. ಅದು ಮುಖಸ್ತುತಿಯನ್ನರಿಯದು, ಅಧಿಕಾರಿಗೂ ಸೇವಕನಿಗೂ ಭೇದವೆಣಿಸದು. ಹಗ್ಗವನ್ನು ಬಿಗಿಯಾಗಿ ಜಗ್ಗುತ್ತಿದ್ದವನು ಕೈಯನ್ನು ಸಡಿಲಿಸಿ, ಉಸಿರನ್ನು ನಿಧಾನಗೊಳಿಸಿದಾಗ ಅದು ಒಂದು ಹೆಜ್ಜೆ ಮುಂದಿಟ್ಟರೆ, ಆ ಹೆಜ್ಜೆಯೇ ಒಂದು ಪಾಠ. ಅದಕ್ಕೆ ಮೇಲೊಂದು ಟೀಕೆ ಬೇಕಾಗಿಲ್ಲ. ಅದು ಹೆಜ್ಜೆಯಿಡದೆ ನಿಂತರೆ, ಆ ನಿರಾಕರಣೆಯನ್ನು ಮೊದಲು ಕುದುರೆಯದೇ ಎಂದು ಗೌರವಿಸುವುದು, ಅದಕ್ಕೆ ನೋವೋ ದಣಿವೋ ಇದೆಯೇ ಎಂದು ನೋಡುವುದು ನಡೆಸುವವನ ಧರ್ಮ.

ಈ ವಿದ್ಯೆಯನ್ನು ಕಲಿಯುವವರ ಸಂಖ್ಯೆ ನಮ್ಮಲ್ಲಿ ಅಲ್ಪವಿರಬಹುದು. ಆದರೆ ಇಲ್ಲಿಯ ಪ್ರಶ್ನೆ ಅಧ್ಯಾಪಕರಾದ ನಮಗೆ ದೂರದ್ದಲ್ಲ. ಮಾತಾಡದ ಪದ್ಯದ ಬಾಯಲ್ಲಿ ನಮ್ಮ ಮಾತನ್ನಿಟ್ಟು, ಅದನ್ನೇ ವಿದ್ಯಾರ್ಥಿಗಳಿಂದ ಮರಳಿ ಕೇಳಿ, ಅವರು ಚೆನ್ನಾಗಿ ತಿಳಿದರೆಂದು ಸಂತೋಷಪಡುವ ಅಭ್ಯಾಸ ನಮ್ಮ ತರಗತಿಗಳಲ್ಲಿಯೂ ಉಂಟು. ಅಲ್ಲಿಯೂ ಉತ್ತರ ಬಂದುದು ಹುಡುಗನ ತಿಳಿವಿನಿಂದಲೋ, ನಮ್ಮ ತಲೆಯ ಚಲನೆಯಿಂದಲೋ ಎಂದು ಒಮ್ಮೆ ಎಣಿಸಿ ನೋಡುವುದು ಲೇಸು.